ಸಾವಿರಾರು ಕೊಟ್ಟು ತಂದ ಸೈಕಲ್ಲು, ಮುಂಗಾಲು ಯಾಕೆ ಕುಂಟುತ್ತೆ?

ಚಿಕ್ಕಮಗಳೂರು: ಭಾನುವಾರ ಬೆಳಗಿನ ಹೊತ್ತು ಕೈಮರದ ಕಡೆ ಹೋಗುವ ರಸ್ತೆಯಲ್ಲಿ ನಿಂತವರಿಗೆ ಸೈಕಲ್ ಸವಾರರು ಕಣ್ಣಿಗೆ ಬೀಳುತ್ತಾರೆ. ತಲೆಗೆ ಹೆಲ್ಮೆಟ್ಟು, ಕೈಗೆ ಗ್ಲೌಸು, ಮೈಗಂಟಿದ ಬನೀನು. ಕೆಳಗಿರುವುದು ಹಿಂದೆ ಹಾಲಿನವರು ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಅಟ್ಲಾಸ್ ಸೈಕಲ್ಲಲ್ಲ. ಟೈರು ದಪ್ಪ, ಹ್ಯಾಂಡಲ್ ಅಗಲ, ಮುಂದಿನ ಚಕ್ರದ ಎರಡೂ ಬದಿಗೆ ಬುಲೆಟ್ ಗಾಡಿಗೆ ಇರುವಂಥದ್ದೇ ಜೋಡಿ ಪೈಪು. ಕಂಪನಿಯವರು ಇದನ್ನು ಸಸ್ಪೆನ್ಷನ್ ಫೋರ್ಕ್ ಎನ್ನುತ್ತಾರೆ. ಅಂಗಡಿ ಬಾಯಲ್ಲಿ ಶಾಕಬ್ಸರ್, ಹುಡುಗರ ಬಾಯಲ್ಲಿ ಬರೀ ಶಾಕ್.

ಹತ್ತುವಾಗ ಎಲ್ಲರದ್ದೂ ಒಂದೇ ಏದುಸಿರು. ಫರಕು ಗೊತ್ತಾಗುವುದು ಇಳಿಯುವಾಗ. ಪೇಟೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಅಲ್ಲಿಂದ ಇಲ್ಲಿಗೆ 800 ಮೀಟರಿಗೂ ಹೆಚ್ಚು ಇಳಿತ. ತಿರುವಿನಲ್ಲಿ ಜಲ್ಲಿ, ತೋಟದ ದಾರಿಗೆ ಹೊಕ್ಕರೆ ಕಲ್ಲು, ಬೇರು, ನೀರು ಕೊರೆದ ಚರಂಡಿ. ಮುಂಗಾಲು ಹದದಲ್ಲಿರುವ ಸೈಕಲ್ಲು ನೆಲಕ್ಕೆ ಅಂಟಿಕೊಂಡು ಇಳಿಯುತ್ತದೆ. ಹದ ತಪ್ಪಿದ್ದು ಪುಟಿಯುತ್ತದೆ, ಹ್ಯಾಂಡಲ್ ಮಾತು ಕೇಳುವುದಿಲ್ಲ, ಬ್ರೇಕ್ ಹಿಡಿದರೆ ಮೂಗು ಮುಗ್ಗರಿಸುತ್ತದೆ. ಆಮೇಲೆ ಭುಜದ ಮೂಳೆಯೋ ಮುಂದಿನ ಹಲ್ಲೋ, ಎರಡರಲ್ಲೊಂದು.

ಬಿದ್ದವನು ಕಂಪನಿಯನ್ನು ಬೈಯುತ್ತಾನೆ, ಅಂಗಡಿಯವರು ರಸ್ತೆಯನ್ನು ಬೈಯುತ್ತಾರೆ. ರಸ್ತೆಗೆ ಬಾಯಿಲ್ಲ. ನಿಜ ಏನೆಂದರೆ, ಮೂವತ್ತು ಸಾವಿರವೋ ಐವತ್ತು ಸಾವಿರವೋ ಕೊಟ್ಟು ತಂದ ಸೈಕಲ್ಲಿನ ಫೋರ್ಕನ್ನು ಸವಾರನ ತೂಕಕ್ಕೆ ತಕ್ಕಂತೆ ಯಾರೂ ಕೂಡಿಸಿರುವುದಿಲ್ಲ. ಪೆಟ್ಟಿಗೆಯಿಂದ ಹೇಗೆ ಬಂತೋ ಹಾಗೇ ಓಡುತ್ತಿರುತ್ತದೆ.

ಖಾಲಿ ಬಸ್ಸಿನ ಹಿಂದಿನ ಸೀಟು

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೋದವರಿಗೆ ಈ ವಿಷಯ ಪಾಠ ಹೇಳಿ ತಿಳಿಸಬೇಕಾಗಿಲ್ಲ. ಬಸ್ಸು ಖಾಲಿ ಇದ್ದರೆ ಪ್ರತಿ ಗುಂಡಿಗೂ ತಲೆ ಚಾವಣಿಗೆ. ಅದೇ ಬಸ್ಸು ಸಂತೆ ದಿನ ತುಂಬಿ ಬಂದರೆ ತೊಟ್ಟಿಲು ತೂಗಿದಂತೆ ಸಾಗುತ್ತದೆ. ಸ್ಪ್ರಿಂಗು ಅದೇ, ರಸ್ತೆಯೂ ಅದೇ. ಬದಲಾದದ್ದು ಭಾರ. ಯಾವ ಸ್ಪ್ರಿಂಗೂ ಒಂದು ಲೆಕ್ಕದ ಭಾರಕ್ಕೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ.

ಬಸ್ಸಿನ ಸ್ವಂತ ತೂಕವೇ ಟನ್ನುಗಟ್ಟಲೆ. ಒಬ್ಬ ದಪ್ಪಗಿನ ಸಾಹುಕಾರರು ಹತ್ತಿದರೂ ಇಳಿದರೂ ಅದಕ್ಕೆ ತಿಳಿಯುವುದಿಲ್ಲ. ಸೈಕಲ್ಲು ಹಾಗಲ್ಲ. ಅದರ ತೂಕ ಹದಿನೈದು ಕೆ.ಜಿ. ಆಸುಪಾಸು, ಮೇಲೆ ಕೂತವನದ್ದು ಎಪ್ಪತ್ತೈದು. ಅಂದರೆ ಭಾರವೆಲ್ಲ ಸವಾರನದ್ದೇ. ಐವತ್ತು ಕೆ.ಜಿ. ಕಾಲೇಜು ಹುಡುಗನಿಗೆ ಹೊಂದಿಸಿದ ಫೋರ್ಕು ತೊಂಬತ್ತು ಕೆ.ಜಿ. ಯಜಮಾನರಿಗೆ ಹೇಗೆ ಒಗ್ಗೀತು?

ಸ್ಪ್ರಿಂಗಿನ ಜೊತೆಗೆ ಇನ್ನೊಂದು ಅಂಗ ಇದೆ. ಬ್ಯಾಂಕಿನ ಗಾಜಿನ ಬಾಗಿಲಿಗೆ ಇರುವ ಡೋರ್ ಕ್ಲೋಸರ್ ನೋಡಿ. ಬಾಗಿಲನ್ನು ಎಳೆದು ತರುವುದು ಸ್ಪ್ರಿಂಗು. ಅದು ಧಡಾರನೆ ಬಡಿಯದಂತೆ ತಡೆದು ಮೆಲ್ಲಗೆ ಮುಚ್ಚುವುದು ಒಳಗಿನ ಎಣ್ಣೆ. ಒಳ್ಳೆಯ ಫೋರ್ಕಿನಲ್ಲೂ ಅಷ್ಟೇ: ಒಂದು ಕಾಲಿನಲ್ಲಿ ಸ್ಪ್ರಿಂಗು ಅಥವಾ ಗಾಳಿ, ಇನ್ನೊಂದು ಕಾಲಿನಲ್ಲಿ ಸಣ್ಣ ತೂತಿನೊಳಗೆ ನುಗ್ಗಿ ಹೋಗುವ ಎಣ್ಣೆ. ಈ ಎಣ್ಣೆಯ ಕೆಲಸಕ್ಕೆ ಡ್ಯಾಂಪಿಂಗ್ ಎಂದು ಹೆಸರು. ಅಗ್ಗದ ಸೈಕಲ್ಲುಗಳಲ್ಲಿ ಈ ಎಣ್ಣೆ ಕಾಲು ಇರುವುದೇ ಇಲ್ಲ. ಬರೀ ಸ್ಪ್ರಿಂಗು, ಒಂದು ರಬ್ಬರ್ ತುಂಡು. ಬಾಗಿಲು ಧಡಾರ್.

ಶಾಲೆಗೆ ಹೋಗುವ ಮಕ್ಕಳು ‘ಡಬ್ಬಲ್ ಶಾಕ್’ ಬೇಕೆಂದು ಹಟ ಹಿಡಿದಾಗ ತಂದೆ-ತಾಯಿ ಇದನ್ನು ನೆನೆಯಬೇಕು. ಆ ದುಡ್ಡಿಗೆ ಬರುವ ಡಬ್ಬಲ್ ಶಾಕ್ ಸೈಕಲ್ಲು ತೂಕದಲ್ಲಿ ಕಬ್ಬಿಣದ ಮಂಚ, ಪೆಡಲ್ ತುಳಿದ ಅರ್ಧ ಶಕ್ತಿ ಸ್ಪ್ರಿಂಗ್ ಕುಣಿಸಲಿಕ್ಕೇ ಖರ್ಚು. ಅದೇ ಬೆಲೆಗೆ ಶಾಕ್ ಇಲ್ಲದ ಗಟ್ಟಿ ಸೈಕಲ್ಲು ಎಷ್ಟೋ ಮೇಲು.

ಮೋಟಾರ್ ಸೈಕಲ್ಲಿನ ಮನೆಯಿಂದ ಬಂದದ್ದು

ಈ ವಿದ್ಯೆ ಹುಟ್ಟಿದ್ದು ಸೈಕಲ್ಲಿನಲ್ಲಲ್ಲ. ಎಣ್ಣೆಯಿಂದ ತಡೆಯುವ ಟೆಲಿಸ್ಕೋಪಿಕ್ ಫೋರ್ಕನ್ನು ಜರ್ಮನಿಯ ಬಿಎಂಡಬ್ಲ್ಯು ಕಂಪನಿ 1935ರಲ್ಲೇ ತನ್ನ ಮೋಟಾರ್ ಸೈಕಲ್ಲಿಗೆ ಹಾಕಿತ್ತು. ಗುಡ್ಡ ಇಳಿಯುವ ಸೈಕಲ್ಲು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಬೆಳೆಯಿತು, ಆದರೆ ಅದರ ಮುಂಗಾಲು ಬಹಳ ವರ್ಷ ಗಟ್ಟಿ ಪೈಪೇ. ಮೋಟಾರ್ ಸೈಕಲ್ ರೇಸಿನ ಕೆಲಸ ಗೊತ್ತಿದ್ದ ಪಾಲ್ ಟರ್ನರ್ ಎಂಬಾತ 1989ರ ಹೊತ್ತಿಗೆ ರಾಕ್‌ಶಾಕ್ಸ್ ಕಂಪನಿ ಕಟ್ಟಿ ಸೈಕಲ್ಲಿಗೂ ಅಂಥ ಫೋರ್ಕು ಮಾಡಿದ. ಅದು ಒಳಕ್ಕೆ ಹೋಗುತ್ತಿದ್ದುದು ಐದು ಸೆಂಟಿಮೀಟರಿಗೂ ಕಡಿಮೆ. ನೋಡಿದವರು ನಕ್ಕರು. 1990ರಲ್ಲಿ ಕೊಲರಾಡೊದ ಡುರಾಂಗೊ ಊರಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಗ್ರೆಗ್ ಹರ್ಬೋಲ್ಡ್ ಆ ಫೋರ್ಕು ಹಾಕಿದ ಸೈಕಲ್ಲಿನಲ್ಲಿ ಇಳಿಜಾರು ಓಟ ಗೆದ್ದ ಮೇಲೆ ನಗು ನಿಂತಿತು.

ನಮ್ಮ ಕಡೆಯೂ ಈಗ ಇದು ಹೊಸದಲ್ಲ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆ ಗದಗದಲ್ಲಿ ನಡೆಯಿತು. ಚಿಕ್ಕಮಗಳೂರಿನವರಂತೂ ಕಾರ್ ರ್‍ಯಾಲಿ ನೋಡಿ ಬೆಳೆದವರು. 2016ರ ಕಾಫಿ ಡೇ ಇಂಡಿಯಾ ರ್‍ಯಾಲಿಯಲ್ಲಿ ಗೌರವ್ ಗಿಲ್ ಗೆದ್ದಾಗ ತೋಟದ ಬೇಲಿ ಪಕ್ಕ ನಿಂತು ಧೂಳು ಕುಡಿದವರು ಎಷ್ಟೋ ಜನ. ರ್‍ಯಾಲಿ ಕಾರಿನ ಸಸ್ಪೆನ್ಷನ್ನನ್ನು ದಾರಿಗೆ ತಕ್ಕಂತೆ ಹೊಂದಿಸದೆ ಯಾವ ಮೆಕ್ಯಾನಿಕ್ಕೂ ಕಳಿಸುವುದಿಲ್ಲ. ಸೈಕಲ್ಲಿಗೆ ಮಾತ್ರ ಆ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಮೊದಲು ಮುಖ ಯಾವ ಕಡೆ ನೋಡಿ

ಹೊಸ ಸೈಕಲ್ಲು ಅಂಗಡಿಗೆ ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ, ಅರ್ಧ ಜೋಡಿಸಿದ ಸ್ಥಿತಿಯಲ್ಲಿ. ಹ್ಯಾಂಡಲ್ ತಿರುಗಿಸಿ ಮಡಚಿಟ್ಟಿರುತ್ತಾರೆ. ಅವಸರದಲ್ಲಿ ಜೋಡಿಸುವ ಹುಡುಗ ಫೋರ್ಕನ್ನು ಹಿಂದುಮುಂದಾಗಿ ಬಿಗಿದು ಕೊಟ್ಟುಬಿಡುವುದು ತಮಾಷೆಯ ಮಾತಲ್ಲ, ಹಾಗಾಗುತ್ತದೆ. ಎರಡು ಕಾಲನ್ನು ಕೂಡಿಸುವ ಕಮಾನು ಸಾಮಾನ್ಯವಾಗಿ ಚಕ್ರದ ಮುಂದುಗಡೆ ಇರಬೇಕು (ಒಂದೆರಡು ಕಂಪನಿಗಳು ಬೇಕೆಂದೇ ಹಿಂದೆ ಇಡುತ್ತವೆ), ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಸವಾರನ ಎಡಗೈ ಕಡೆಯ ಕಾಲಿನ ಹಿಂಬದಿಯಲ್ಲಿ ಇರಬೇಕು. ಕ್ಯಾಲಿಪರ್ ಬಲಗಡೆ ಮುಂದಕ್ಕೆ ನೋಡುತ್ತಿದ್ದರೆ ಫೋರ್ಕು ತಿರುಗಿದೆ ಎಂದೇ ಅರ್ಥ. ಅಂಥ ಸೈಕಲ್ಲಿನಲ್ಲಿ ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ, ಮುಂದಿನ ಚಕ್ರ ಪಾದಕ್ಕೆ ತಾಗುತ್ತದೆ. ಹಾಗೆ ಗಿರಿ ಇಳಿಯುವುದು ಬೇಡವೇ ಬೇಡ.

ಇನ್ನೊಂದು ಮಾತು. ಟೈರಿನ ಗಾಳಿ ನೋಡದೆ ಫೋರ್ಕನ್ನು ಬೈಯಬಾರದು. ಕಲ್ಲಿನಂತೆ ಉಬ್ಬಿಸಿದ ಟೈರಿನ ಮೇಲೆ ಎಂಥ ದುಬಾರಿ ಶಾಕ್ ಇದ್ದರೂ ಕೈ ನೋಯುತ್ತದೆ.

ತೂಕಕ್ಕೆ ತಕ್ಕ ಕುಸಿತ

ಕೂಡಿಸುವ ಕೆಲಸ ಶುರುವಾಗುವುದು ಇಲ್ಲಿಂದ. ಸವಾರ ಸೈಕಲ್ಲಿನ ಮೇಲೆ ಸುಮ್ಮನೆ ಕೂತಾಗ ಫೋರ್ಕು ಎಷ್ಟು ಕುಸಿಯುತ್ತದೆ ಎಂಬುದೇ ಮೊದಲ ಅಳತೆ. ಇದಕ್ಕೆ ಸ್ಯಾಗ್ ಎನ್ನುತ್ತಾರೆ. ಕುಸಿತ ಏಕೆ ಬೇಕು? ಚಕ್ರ ಗುಂಡಿಗೆ ಬಿದ್ದಾಗ ಕಾಲು ಕೆಳಕ್ಕೆ ಚಾಚಿಕೊಳ್ಳಲಿಕ್ಕೆ. ಕುಸಿತವೇ ಇಲ್ಲದಿದ್ದರೆ ಉಬ್ಬು ಬಂದಾಗ ಒಳಕ್ಕೆ ಹೋಗುತ್ತದೆ, ಗುಂಡಿ ಬಂದಾಗ ಚಕ್ರ ಗಾಳಿಯಲ್ಲಿ.

ಅಳೆಯಲಿಕ್ಕೆ ಬೇಕಾದ್ದು ಒಂದು ಅಡಿಪಟ್ಟಿ, ಒಬ್ಬ ಸ್ನೇಹಿತ. ಹಲವು ಫೋರ್ಕುಗಳ ಹೊಳೆಯುವ ಪೈಪಿನ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. ಇಲ್ಲದಿದ್ದರೆ ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಸಡಿಲವಾಗಿ ಸುತ್ತಿ. ಲಾಕ್ ಇದ್ದರೆ ಬಿಚ್ಚಿ. ಬೆನ್ನಿನ ಚೀಲ, ನೀರಿನ ಬಾಟ್ಲಿ ಸಮೇತ, ಹೇಗೆ ಓಡಿಸುತ್ತೀರೋ ಅದೇ ವೇಷದಲ್ಲಿ ಸೈಕಲ್ ಹತ್ತಿ. ಸ್ನೇಹಿತ ಹಿಡಿದುಕೊಂಡಿರಲಿ. ಪೆಡಲ್ ಮೇಲೆ ನಿಂತು ಎರಡು ಸಲ ಕುಲುಕಿ, ಆಮೇಲೆ ಸ್ಥಿರವಾಗಿ. ಸ್ನೇಹಿತ ಉಂಗುರವನ್ನು ಸೀಲಿನ ತನಕ ಕೆಳಗೆ ತಳ್ಳಲಿ. ಈಗ ಕುಲುಕದೆ ಮೆಲ್ಲಗೆ ಇಳಿದು, ಸೀಲಿನಿಂದ ಉಂಗುರ ಎಷ್ಟು ಮೇಲಿದೆ ಎಂದು ಅಳೆಯಿರಿ.

ನೂರು ಮಿಲಿಮೀಟರ್ ಓಟದ ಫೋರ್ಕಿಗೆ 15ರಿಂದ 20 ಮಿ.ಮೀ. ಕುಸಿತ ರಸ್ತೆ, ಏರು ಹೆಚ್ಚಿರುವವರಿಗೆ ಸರಿ. ತೋಟದ ಕಲ್ಲುದಾರಿಯಲ್ಲೇ ಸುತ್ತುವವರಿಗೆ 20ರಿಂದ 25. ಬರೀ ಇಳಿಜಾರಿಗೇ ಮಾಡಿದ ಉದ್ದ ಫೋರ್ಕುಗಳಲ್ಲಿ ನೂರಕ್ಕೆ ಮೂವತ್ತರ ತನಕ ಬಿಡುತ್ತಾರೆ. ಕುಸಿತ ಜಾಸ್ತಿ ಬಂದರೆ ಗಾಳಿ ಸಾಲದು, ಕಮ್ಮಿ ಬಂದರೆ ಗಾಳಿ ಹೆಚ್ಚು. ಇಷ್ಟೇ ಲೆಕ್ಕ.

ಗಾಳಿ ಫೋರ್ಕಿಗೆ ಗಾಳಿ ಹಾಕುವುದು ಟೈರಿಗೆ ಹಾಕಿದಂತಲ್ಲ. ಒಳಗಿನ ಜಾಗ ಚಿಕ್ಕದು, ಒತ್ತಡ ಹೆಚ್ಚು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇಟ್ಟರೆ ಕ್ಷಣದಲ್ಲಿ ಎಲ್ಲೋ ಹೋಗಿಬಿಡುತ್ತದೆ, ಸೀಲು ಹಾಳು. ಇದಕ್ಕೆಂದೇ ಮೀಟರ್ ಇರುವ ಕೈಯಗಲದ ಶಾಕ್ ಪಂಪು ಸಿಗುತ್ತದೆ. ಎಷ್ಟು ತೂಕಕ್ಕೆ ಎಷ್ಟು ಪೌಂಡು ಎಂಬ ಪಟ್ಟಿ ಬಹಳ ಕಂಪನಿಗಳು ಫೋರ್ಕಿನ ಕಾಲಿನ ಮೇಲೋ ಕೈಪಿಡಿಯಲ್ಲೋ ಕೊಟ್ಟಿರುತ್ತವೆ. ಅಲ್ಲಿಂದ ಶುರು ಮಾಡಿ ಅಡಿಪಟ್ಟಿ ಹಿಡಿಯಬೇಕು.

ಇಲ್ಲಿ ಎರಡು ಕಡೆ ಹುಡುಗರು ಎಡವುತ್ತಾರೆ. ಫೋರ್ಕಿನೊಳಗೆ ಗಾಳಿಗೆ ಎರಡು ಕೋಣೆ ಇವೆ, ಮೇಲೊಂದು ಕೆಳಗೊಂದು. ನಾವು ತುಂಬುವುದು ಮೇಲಿನದಕ್ಕೆ. ಫೋರ್ಕನ್ನು ಐದಾರು ಸಲ ನಿಧಾನವಾಗಿ ಒತ್ತಿ ಬಿಟ್ಟರೆ ಮಾತ್ರ ಕೆಳಗಿನದಕ್ಕೂ ಪಾಲು ಹೋಗುತ್ತದೆ, ಮೀಟರ್ ಇಳಿಯುತ್ತದೆ. ಆಮೇಲೆ ಮತ್ತೆ ತುಂಬಿ ಮಟ್ಟ ಮಾಡಬೇಕು. ಎರಡನೆಯದು: ಪಂಪು ಬಿಚ್ಚುವಾಗ ‘ಸುಂಯ್’ ಎನ್ನುವುದು ಪಂಪಿನ ಪೈಪಿನ ಗಾಳಿ, ಫೋರ್ಕಿನದ್ದಲ್ಲ. ಮತ್ತೆ ಪಂಪು ಸಿಕ್ಕಿಸಿ ನೋಡಿದರೆ ಮೀಟರ್ ಕಡಿಮೆ ತೋರಿಸುತ್ತದೆ, ಯಾಕೆಂದರೆ ಪೈಪಿಗೆ ಒಂದಷ್ಟು ಹೋಯಿತು. ‘ಲೀಕ್ ಇದೆ’ ಎಂದು ಗಾಬರಿ ಬಿದ್ದು ಸೀಲು ಬಿಚ್ಚಿಸುವವರು ಇದನ್ನು ತಿಳಿದರೆ ಖರ್ಚು ಉಳಿಯುತ್ತದೆ.

ಮಂಗಳೂರಿನ 33 ಡಿಗ್ರಿ ಸೆಖೆಯಲ್ಲಿ 80 ಪೌಂಡು ತುಂಬಿಸಿ ಚಾರ್ಮಾಡಿ ಹತ್ತಿ ಬಂದು, ಗಿರಿಯ 15 ಡಿಗ್ರಿ ಚಳಿಯಲ್ಲಿ ಇಳಿಯುವವರದ್ದು ಬೇರೆ ಕತೆ. ಗಾಳಿ ತಣ್ಣಗಾದರೆ ಒತ್ತಡ ಐದಾರು ಪೌಂಡು ಬೀಳುತ್ತದೆ. ಎತ್ತರದಲ್ಲಿ ಹೊರಗಿನ ಗಾಳಿಯೂ ತೆಳುವಾದ್ದರಿಂದ ಅದರಲ್ಲಿ ಮೂರು ಪೌಂಡಿನಷ್ಟು ವಾಪಸ್ ಬರುತ್ತದೆ. ಲೆಕ್ಕ ಹಾಕುತ್ತ ಕೂರುವ ಬದಲು ಮೇಲೆ ಹೋದ ಮೇಲೆ ಒಮ್ಮೆ ಉಂಗುರ ನೋಡಿದರೆ ಮುಗಿಯಿತು.

ಗಾಳಿಯಲ್ಲದ, ಕಬ್ಬಿಣದ ಸ್ಪ್ರಿಂಗಿನ ಫೋರ್ಕೇ ನಮ್ಮ ಕಡೆ ಹೆಚ್ಚು. ತೈವಾನಿನ ಸನ್‌ಟೂರ್ ಕಂಪನಿಯದ್ದು (ಸೋಪಿನ ಹೆಸರಲ್ಲ) ಮಧ್ಯಮ ಬೆಲೆಯ ಸೈಕಲ್ಲುಗಳಲ್ಲಿ ಧಾರಾಳ. ಇದರ ತಲೆಯ ಮೇಲಿನ ತಿರುಗಣೆಗೆ ಪ್ರೀಲೋಡ್ ಎನ್ನುತ್ತಾರೆ. ಅದನ್ನು ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂದು ಬಹಳ ಜನರ ನಂಬಿಕೆ. ಆಗುವುದಿಲ್ಲ. ಸ್ಪ್ರಿಂಗನ್ನು ಮೊದಲೇ ಒಂಚೂರು ಒತ್ತಿಡುತ್ತದೆ, ಕುಸಿತ ಸ್ವಲ್ಪ ಕಮ್ಮಿಯಾಗುತ್ತದೆ, ಅಷ್ಟೆ. ತೊಂಬತ್ತು ಕೆ.ಜಿ. ಆಸಾಮಿಗೆ ಬೇಕಾದ್ದು ಬೇರೆ, ಗಟ್ಟಿ ಸ್ಪ್ರಿಂಗು. ತಿರುಗಣೆಯನ್ನು ಎಷ್ಟು ಹಿಂಡಿದರೂ ಅದು ಬರುವುದಿಲ್ಲ.

ಆಮೆ, ಮೊಲ

ಕುಸಿತ ಸರಿಯಾದ ಮೇಲೆ ರಿಬೌಂಡ್. ಒಳಗೆ ಹೋದ ಕಾಲು ಎಷ್ಟು ಬೇಗ ವಾಪಸ್ ಬರಬೇಕು ಎಂಬ ಲೆಕ್ಕ ಇದು. ಗುಂಡಿ ಇರುವುದು ಸಾಮಾನ್ಯವಾಗಿ ಬಲಗಾಲಿನ ತಳದಲ್ಲಿ, ಹಲವು ಫೋರ್ಕುಗಳಲ್ಲಿ ಕೆಂಪು ಬಣ್ಣ. ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲ. ಮಕ್ಕಳಿಗೂ ಅರ್ಥವಾಗುತ್ತದೆ.

ಮೊಲ ಹೆಚ್ಚಾದರೆ ಫೋರ್ಕು ಹೊಡೆತ ತಿಂದೊಡನೆ ಚಿಮ್ಮಿ ಹ್ಯಾಂಡಲನ್ನು ಎದೆಗೆ ಒದೆಯುತ್ತದೆ. ಆಮೆ ಹೆಚ್ಚಾದರೆ ಅಪಾಯ ಕಣ್ಣಿಗೆ ಕಾಣದು. ತೋಟದ ದಾರಿಯಲ್ಲಿ ಮಳೆನೀರು ತಿರುಗಿಸಲು ಅಡ್ಡಕ್ಕೆ ಏರಿಸಿದ ಮಣ್ಣಿನ ದಿಂಡುಗಳು ಒಂದರ ಹಿಂದೆ ಒಂದು ಬರುತ್ತವಲ್ಲ, ಮೊದಲನೆಯದಕ್ಕೆ ಒಳಗೆ ಹೋದ ಕಾಲು ಹೊರಗೆ ಬರುವ ಮುಂಚೆ ಎರಡನೆಯದು ಬಡಿಯುತ್ತದೆ. ನಾಲ್ಕನೆಯದಕ್ಕೆ ಕಾಲು ಪೂರ್ತಿ ಒಳಗೆ, ಮೂಗು ಕೆಳಗೆ, ಸವಾರ ಹ್ಯಾಂಡಲಿನ ಮೇಲೆ. ‘ಶಾಕ್ ಗಟ್ಟಿ ಇದೆ’ ಎಂದು ಅವನು ಗಾಳಿ ಕಮ್ಮಿ ಮಾಡುತ್ತಾನೆ. ಆಗ ಇನ್ನೂ ಕೆಳಗಿಳಿಯುತ್ತದೆ. ರೋಗ ಒಂದು, ಮದ್ದು ಇನ್ನೊಂದು.

ಮನೆಯ ಮುಂದೆಯೇ ನೋಡಬಹುದು. ಹ್ಯಾಂಡಲನ್ನು ಬಲವಾಗಿ ಒತ್ತಿ ಥಟ್ಟನೆ ಬಿಟ್ಟರೆ ಮುಂದಿನ ಚಕ್ರ ನೆಲ ಬಿಟ್ಟು ಹಾರಬಾರದು. ಫುಟ್‌ಪಾತಿನ ಅಂಚಿನಿಂದ ಕೂತುಕೊಂಡೇ ಕೆಳಗಿಳಿಸಿದರೆ ಫೋರ್ಕು ಒಳಗೆ ಹೋಗಿ, ಹೊರಗೆ ಬಂದು, ನಿಲ್ಲಬೇಕು. ಎರಡನೇ ಸಲ ಕುಣಿದರೆ ಆಮೆ ಕಡೆಗೆ ಒಂದು ಕ್ಲಿಕ್. ತೆವಳುತ್ತ ಬಂದರೆ ಮೊಲದ ಕಡೆಗೆ ಒಂದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಪೂರ್ತಿ ಮುಚ್ಚಿದಲ್ಲಿಂದ ಎಷ್ಟನೇ ಕ್ಲಿಕ್ ಎಂದು ಚೀಟಿಯಲ್ಲಿ ಬರೆದಿಡಬೇಕು. ಗಾಳಿ ಹೆಚ್ಚಿಸಿದಾಗಲೆಲ್ಲ ರಿಬೌಂಡನ್ನೂ ಆಮೆ ಕಡೆಗೆ ಕೊಂಚ ತರಬೇಕು. ಒತ್ತಿದ ಸ್ಪ್ರಿಂಗು ಗಟ್ಟಿಯಾದಷ್ಟೂ ಜೋರಾಗಿ ಒದೆಯುತ್ತದೆ.

ಗಿರಿಯಿಂದ ಇಳಿದು ಬಂದ ಮೇಲೆ ಉಂಗುರ ಎಲ್ಲಿದೆ ನೋಡಿ. ದೊಡ್ಡ ಹೊಡೆತ ಬಿದ್ದ ದಿನ ಅದು ಓಟದ ಕೊನೆಯ ಹತ್ತಿರ ಹೋಗಿರಬೇಕು. ಯಾವಾಗಲೂ ಅರ್ಧದಲ್ಲೇ ನಿಂತಿದ್ದರೆ ಕಾಸು ಕೊಟ್ಟ ಅರ್ಧ ಫೋರ್ಕು ಕೆಲಸಕ್ಕೆ ಬಂದಿಲ್ಲ. ಪದೇ ಪದೇ ‘ಢಣ್’ ಎಂದು ತಳ ಬಡಿದರೆ ಗಾಳಿ ಹೆಚ್ಚಿಸಬೇಕು. ಕುಸಿತ ಸರಿಯಿದ್ದೂ ತಳ ಬಡಿಯುವುದಾದರೆ ಗಾಳಿ ಕೋಣೆಯೊಳಗೆ ಹಾಕುವ ಪ್ಲಾಸ್ಟಿಕ್ ಬಿಲ್ಲೆ ಇದೆ, ಕೊನೆಯ ಓಟವನ್ನು ಮಾತ್ರ ಗಟ್ಟಿ ಮಾಡುತ್ತದೆ.

ಲಾಕ್ ಎಂಬುದು ಡಾಂಬರು ಏರಿಗೆ ಮಾತ್ರ. ನಿಂತು ತುಳಿಯುವಾಗ ಫೋರ್ಕು ಕುಣಿಯದಿರಲಿ ಎಂದು ಇಟ್ಟದ್ದು. ಮೇಲೆ ತಲುಪಿ, ಫೋಟೋ ತೆಗೆಸಿಕೊಂಡು, ಲಾಕ್ ಬಿಚ್ಚುವುದನ್ನು ಮರೆತು ಇಳಿದವರ ಅಂಗೈಯೇ ಸಾಕ್ಷಿ ಹೇಳುತ್ತದೆ.

ಒಂದು ಸೈಕಲ್ಲು, ಹತ್ತು ಅತಿಥಿ

ಹೋಂಸ್ಟೇಗಳವರು ಈ ಭಾಗವನ್ನು ಓದಬೇಕು. ಅತಿಥಿಗಳಿಗೆಂದು ಸೈಕಲ್ಲು ತಂದಿಡುವುದು ಒಳ್ಳೆಯದೇ. ಆದರೆ ಶನಿವಾರ ಬಂದ ಕಾಲೇಜು ಹುಡುಗಿ ನಲವತ್ತೆಂಟು ಕೆ.ಜಿ., ಭಾನುವಾರ ಬಂದ ಸಾಫ್ಟ್‌ವೇರ್ ಮಹಾಶಯರು ತೊಂಬತ್ತೆರಡು. ಸೈಕಲ್ಲು ಒಂದೇ, ಗಾಳಿ ಒಂದೇ. ಆ ಹುಡುಗಿಗೆ ಅದು ಶಾಕ್ ಇಲ್ಲದ ಸೈಕಲ್ಲು, ಆ ಮಹಾಶಯರಿಗೆ ತಳವಿಲ್ಲದ ಬಿಂದಿಗೆ. ತೂಕ ಕೇಳಿ, ಪಂಪು ಹಿಡಿದು, ಕುಸಿತ ಅಳೆದು ಕೊಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಯಾರ ಕೆಲಸ ಎಂದು ಗೊತ್ತಿಲ್ಲದೇ ಇರುವುದರಿಂದ ಯಾರೂ ಮಾಡುವುದಿಲ್ಲ.

ಸೈಕಲ್ಲು ಸದ್ದಿಲ್ಲದೆ ಬರುತ್ತದೆ ಎಂಬುದನ್ನೂ ಅತಿಥಿಗಳಿಗೆ ಹೇಳಬೇಕು. ಮೂಡಿಗೆರೆ ಸೀಮೆಯಲ್ಲಿ ಬೆಳಗಿನ ಮಂಜಿನಲ್ಲಿ ತೋಟದ ತಿರುವಿನಲ್ಲಿ ಆನೆ ನಿಂತಿದ್ದರೆ ಯಾವ ಶಾಕಬ್ಸರ್ರೂ ಕಾಯುವುದಿಲ್ಲ. ಕಳಸ, ಸಂಸೆ ಕಡೆ ಗುಡ್ಡಕ್ಕೆ ನುಗ್ಗುವವರು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿ ನೋಡಿಕೊಳ್ಳಲಿ. ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಖಾಸಗಿ ತೋಟವಾದರೆ ಮಾಲೀಕರ ಮಾತು ಬೇಕು.

ಮಳೆ, ಮಣ್ಣು, ಎಣ್ಣೆ

ಮಲೆನಾಡಿನ ಮಳೆಗಾಲ ಫೋರ್ಕಿನ ಶತ್ರು. ಕೆಂಪು ಮಣ್ಣಿನ ಸಣ್ಣ ಮರಳು ಸೀಲಿನ ತುಟಿಗೆ ಅಂಟಿ ಹೊಳೆಯುವ ಪೈಪನ್ನು ಉಜ್ಜುಕಾಗದದಂತೆ ತೀಡುತ್ತದೆ. ಪೈಪಿನ ಮೇಲೆ ಉಗುರಿಗೆ ಸಿಗುವ ಗೀರು ಬಿತ್ತೆಂದರೆ ಅದು ಸೀಲನ್ನು ಕೊಯ್ಯುತ್ತದೆ, ಎಣ್ಣೆ ಹೊರಗೆ ಬರುತ್ತದೆ, ನೀರು ಒಳಗೆ ಹೋಗುತ್ತದೆ. ಪ್ರತಿ ಸವಾರಿ ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಪೈಪು ಒರೆಸಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರನ್ನು ಸೀಲಿನ ಮೇಲೆ ಬಿಡಲೇಬಾರದು. ಸೀಮೆಎಣ್ಣೆ, ಇಂಜಿನ್ ಆಯಿಲ್, ಚೈನಿನ ಗ್ರೀಸು ಸವರುವುದು ಮದ್ದಲ್ಲ; ಮಣ್ಣು ಇನ್ನೂ ಚೆನ್ನಾಗಿ ಅಂಟುತ್ತದೆ.

ರಾಕ್‌ಶಾಕ್ಸ್‌ನಂಥ ಕಂಪನಿ ಪ್ರತಿ 50 ಗಂಟೆ ಸವಾರಿಗೊಮ್ಮೆ ಕೆಳಗಿನ ಕಾಲು ಬಿಚ್ಚಿ ಶುಚಿ ಮಾಡಲು ಹೇಳುತ್ತದೆ. ವಾರಕ್ಕೆ ಮೂರು ಗಂಟೆ ಓಡಿಸುವವನಿಗೆ ಅದು ಹೆಚ್ಚುಕಮ್ಮಿ ನಾಲ್ಕು ತಿಂಗಳು. ಇಡೀ ಮಳೆಗಾಲ ಓಡಿಸಿದವನು ಅಷ್ಟು ಕಾಯಬಾರದು. ತಳದ ಎರಡು ಬೋಲ್ಟು ಸಡಿಲಿಸಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ ಕಾಲು ಕಳಚಿದರೆ ಒಳಗಿನ ಎಣ್ಣೆಯ ಬಣ್ಣ ನೋಡಿಯೇ ಗೊತ್ತಾಗುತ್ತದೆ, ಹಾಲು ಹಾಕಿದ ಕಾಫಿಯಂತಿದ್ದರೆ ನೀರು ಸೇರಿದೆ. ಒರೆಸಿ, ಸೀಲಿನ ಕೆಳಗಿನ ಸ್ಪಂಜಿನ ಉಂಗುರಕ್ಕೆ ಎಣ್ಣೆ ಕುಡಿಸಿ, ಕೈಪಿಡಿ ಹೇಳಿದಷ್ಟೇ ಮಿಲಿಲೀಟರ್ ಎಣ್ಣೆ ಹಾಕಿ ಮುಚ್ಚಬೇಕು. ಗಾಳಿ ಫೋರ್ಕಾದರೆ ಬೋಲ್ಟಿಗೆ ಕೈ ಹಾಕುವ ಮುನ್ನ ಗಾಳಿ ಪೂರ್ತಿ ಬಿಡುವುದು ಕಡ್ಡಾಯ. ಬಿಡದೆ ಬಿಚ್ಚಿದರೆ ಒಳಗಿನ ಸಾಮಾನು ಮುಖಕ್ಕೆ ಬರುತ್ತದೆ.

ಅಂಗಡಿಯಲ್ಲಿ ಈಗ ನಡೆಯುವ ಮಾತು ಹೆಚ್ಚುಕಮ್ಮಿ ಹೀಗೆ.

‘ಅಣ್ಣಾ, ಮುಂದೆ ಕಟಕಟ ಅಂತಿದೆ, ಸ್ವಲ್ಪ ನೋಡಿ.’

‘ಅದು ಹಾಗೇ ಇರೋದು ಕಣಪ್ಪಾ, ಶಾಕ್ ಸೈಕಲ್ಲಲ್ವಾ?’

ಹಾಗೇ ಇರುವುದಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ-ಮುಂದೆ ಅಲುಗಿಸಿ, ಬೆರಳನ್ನು ಹ್ಯಾಂಡಲ್ ಬುಡದ ಬೇರಿಂಗಿನ ಮೇಲಿಟ್ಟರೆ, ಅಲ್ಲಿ ಅಲುಗಿದರೆ ಕಪ್ಪು ಬಿಗಿ ಮಾಡುವ ಐದು ನಿಮಿಷದ ಕೆಲಸ. ಬೆರಳನ್ನು ಸೀಲಿನ ಹತ್ತಿರ ಇಟ್ಟಾಗ ಪೈಪೇ ಕಾಲಿನೊಳಗೆ ಅಲುಗಿದರೆ ಒಳಗಿನ ಬುಷ್ ಸವೆದಿದೆ, ಅದು ಖರ್ಚಿನ ಬಾಬತ್ತು. ಎರಡರ ಫರಕು ಹೇಳಬಲ್ಲ ಅಂಗಡಿಗೆ ಹುಡುಗರು ಹುಡುಕಿಕೊಂಡು ಬರುತ್ತಾರೆ.

ವಿದ್ಯೆ ಊರಿನಲ್ಲಿ ಇಲ್ಲವೆಂದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳ ಫೋರ್ಕ್ ಆಯಿಲ್ ಬದಲಿಸಿ, ಆಯಿಲ್ ಸೀಲು ಕೂರಿಸಿ ಕೈ ಪಳಗಿದ ಮೆಕ್ಯಾನಿಕ್ಕುಗಳು ಮಲೆನಾಡಿನ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಸೈಕಲ್ ಫೋರ್ಕಿನಲ್ಲಿ ಇರುವುದೂ ಅದೇ ಸೀಲು, ಅದೇ ಬುಷ್, ಅದೇ ಎಣ್ಣೆ. ಮೈ ಮಾತ್ರ ಸೂಕ್ಷ್ಮ: ಕಾಲು ಮೆಗ್ನೀಷಿಯಂ ಅಥವಾ ಅಲ್ಯೂಮಿನಿಯಂ, ಬೋಲ್ಟನ್ನು ಯೆಜ್ಡಿಗೆ ಬಿಗಿದ ಜೋರಿನಲ್ಲಿ ಬಿಗಿದರೆ ಮರೆ ಕಿತ್ತುಬರುತ್ತದೆ. ಸೀಲಿನ ಅಳತೆ ಪೈಪಿನ ದಪ್ಪದ ಮೇಲೆ: 28, 30, 32, 34, 35 ಮಿ.ಮೀ. ಹೀಗೆ. ಸೈಕಲ್ ಶಾಪಿನವರು ಅಳತೆ ಬರೆದು ಒಂದೊಂದು ಜೊತೆ ತರಿಸಿಟ್ಟುಕೊಂಡು, ಒಂದು ಶಾಕ್ ಪಂಪನ್ನು ಗೋಡೆಗೆ ನೇತುಹಾಕಿ, ಪಕ್ಕದ ಬೀದಿಯ ಬೈಕ್ ಮೆಕ್ಯಾನಿಕ್ಕನ್ನು ಒಂದು ಸಂಜೆ ಕರೆಸಿ ಕೂತರೆ, ಈಗ ಪಾರ್ಸಲ್ ಮಾಡಿ ಬೆಂಗಳೂರಿಗೆ ಕಳಿಸುವ ಕೆಲಸ ಇಲ್ಲೇ ಆಗುತ್ತದೆ. ಜೂನ್ ಮಳೆ ಹಿಡಿಯುವ ಮುನ್ನ ಮಾಡಿದರೆ ಮೇಲು, ಆಮೇಲೆ ಬರುವ ಸೈಕಲ್ಲುಗಳೆಲ್ಲ ಕೆಸರು ಮೆತ್ತಿಕೊಂಡೇ ಬರುವುದು.